ಈ ಮಾತು ಯಾವ ಮನೆಯದು? ಪ್ರಾಜೆಕ್ಟ್ ರಿಪೋರ್ಟಿಗೆ ಆಕರ ಹುಡುಕುವ, ಉಲ್ಲೇಖ ಬರೆಯುವ ಬಗೆ

ಡಿಗ್ರಿ ಕೊನೇ ವರ್ಷದ ಹುಡುಗಿಯೊಬ್ಬಳು ಪ್ರಾಜೆಕ್ಟ್ ರಿಪೋರ್ಟಿನ ಕರಡು ಹಿಡಿದುಕೊಂಡು ಲೈಬ್ರರಿಗೆ ಬಂದಿದ್ದಳು. ಸೋಮವಾರಪೇಟೆ ಕಡೆಯವಳು. ವಿಷಯ, ಕೊಡಗಿನ ಕಾಫಿ. ನಲವತ್ತು ಪುಟ ಬರೆದಿದ್ದಳು, ಚೆನ್ನಾಗಿಯೇ ಬರೆದಿದ್ದಳು. ಕೊನೇ ಪುಟದಲ್ಲಿ ‘ಆಕರಗಳು’ ಅಂತ ತಲೆಬರಹ. ಅದರ ಕೆಳಗೆ ನಾಲ್ಕೇ ಸಾಲು: ಗೂಗಲ್, ವಿಕಿಪೀಡಿಯ, ಚಾಟ್‌ಜಿಪಿಟಿ, ಕಾಲೇಜು ಲೈಬ್ರರಿ. ಗೈಡ್ ಆ ನಾಲ್ಕಕ್ಕೂ ಸೇರಿಸಿ ಕೆಂಪು ಪೆನ್ನಿನಲ್ಲಿ ಒಂದು ದೊಡ್ಡ ಸುತ್ತು ಹಾಕಿದ್ದರು. ತಪ್ಪು ಏನು ಅಂತ ಬರೆದಿರಲಿಲ್ಲ.

“ಎಲ್ಲಿಂದ ತಗೊಂಡೆನೋ ಅದನ್ನೇ ಬರೆದಿದ್ದೀನಲ್ಲಾ ಸಾರ್?” ಅಂದಳು.

ಪ್ರಶ್ನೆ ನ್ಯಾಯವಾದದ್ದೇ. ಆಕರ ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ, ಯಾಕೆ ಅಂತ ಕೂರಿಸಿಕೊಂಡು ಹೇಳುವವರು ಕಡಿಮೆ. ಅವತ್ತು ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮನೆ ಹೆಸರು ಕೇಳಿದ ಹಾಗೆ

ಕೊಡಗಿನಲ್ಲಿ ಹೊಸಬರು ಸಿಕ್ಕರೆ ನಾವು ಹೆಸರು ಕೇಳಿ ಸುಮ್ಮನಾಗುವುದಿಲ್ಲ. ಯಾವ ಊರು, ಯಾವ ಮನೆ ಅಂತ ಕೇಳುತ್ತೇವೆ. ಬೋಪಣ್ಣ ಅನ್ನುವ ಹೆಸರಿನವರು ಊರಿಗೆ ನಾಲ್ಕು ಜನ ಇರುತ್ತಾರೆ. ಮನೆ ಹೆಸರೂ ಊರೂ ಗೊತ್ತಾದರೆ ನೇರ ಆ ಮನೆ ಬಾಗಿಲಿಗೇ ಹೋಗಿ ನಿಲ್ಲಬಹುದು.

ಮಾಹಿತಿಗೂ ಅದೇ ಲೆಕ್ಕ. ಮಾಹಿತಿ ಎಲ್ಲಿಂದ ಬಂತೋ ಅದು ಆಕರ. ಬರೆಯುವಾಗ ಆ ಜಾಗದಲ್ಲೇ ‘ಇದು ಇಂಥವರಿಂದ ಬಂದದ್ದು’ ಅಂತ ಗುರುತು ಹಾಕುವುದು ಉಲ್ಲೇಖ. ಕೊನೆಯಲ್ಲಿ ಎಲ್ಲವನ್ನೂ ಪೂರ್ತಿ ವಿಳಾಸದೊಂದಿಗೆ ಒಟ್ಟಿಗೆ ಕೊಡುವುದು ಆಕರ ಸೂಚಿ. ಕನ್ನಡ ಪ್ರಬಂಧಗಳಲ್ಲಿ ಇದಕ್ಕೆ ಗ್ರಂಥಋಣ ಅಂತಲೂ ಬರೆಯುವ ವಾಡಿಕೆಯಿದೆ. ನನಗೆ ಈ ಪದವೇ ಇಷ್ಟ. ಸಾಲ ತಗೊಂಡಿದ್ದೀರಿ, ಯಾರಿಂದ ಅಂತ ಬರೆದಿಡಿ, ಅಷ್ಟೇ.

ಈಗ ‘ಗೂಗಲ್’ ಅನ್ನುವ ಸಾಲು ನೋಡಿ. ಅದು ‘ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು’ ಅಂದ ಹಾಗೆ. ಗೂಗಲ್ ಏನನ್ನೂ ಬರೆದಿಲ್ಲ, ಬೇರೆಯವರು ಬರೆದದ್ದನ್ನು ತೋರಿಸಿತು. ‘ಕಾಲೇಜು ಲೈಬ್ರರಿ’ಯದೂ ಅದೇ ಕಥೆ. ಓದುವವರು ಆ ಸಾಲು ಹಿಡಿದುಕೊಂಡು ಯಾವ ಪುಸ್ತಕ ತೆಗೆಯಬೇಕು?

ಒಂದು ಅಂಕಿ ತಗೊಳ್ಳಿ. ‘ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ’ ಅಂತ ಬರೆದರೆ ಅದು ಮಾತು. ‘2011ರ ಜನಗಣತಿಯ ಪ್ರಕಾರ 5,54,519’ ಅಂತ ಬರೆದರೆ ಅದು ಮಾಹಿತಿ. ಯಾವ ವರ್ಷದ್ದು, ಯಾರು ಎಣಿಸಿದ್ದು ಅಂತ ಓದುವವರಿಗೆ ಗೊತ್ತಾಯಿತು. ಬೇಕಾದರೆ ಅವರೇ ಹೋಗಿ ನೋಡಿಕೊಳ್ಳಬಹುದು. ‘2021ರ ಜನಗಣತಿ ಪ್ರಕಾರ’ ಅಂತ ಯಾರಾದರೂ ಬರೆದಿದ್ದರೆ ಅಲ್ಲೇ ಹಿಡಿಯಬಹುದು, ಯಾಕೆಂದರೆ 2021ರಲ್ಲಿ ಜನಗಣತಿ ನಡೆಯಲೇ ಇಲ್ಲ.

ಹಣ್ಣು, ಪಾರ್ಚ್‌ಮೆಂಟ್, ಪುಡಿ

ಆಕರಗಳಲ್ಲೂ ಜಾತಿ ಇದೆ. ಕಾಫಿಯವರಿಗೆ ಇದು ಬೇಗ ಅರ್ಥವಾಗುತ್ತದೆ.

ಗಿಡದಿಂದ ಕೊಯ್ದ ಹಣ್ಣಿನ ಹಾಗೆ ಇರುವುದು ಮೂಲ ಆಕರ. ಯಾರೂ ಇನ್ನೂ ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಿಲ್ಲ. ಜನಗಣತಿಯ ಪಟ್ಟಿ, ಶಾಸನ, ಹಳೆಯ ಪತ್ರ, ನೀವೇ ಮಾಡಿದ ಸಂದರ್ಶನ, ಎಲ್ಲ ಇದಕ್ಕೆ ಸೇರುತ್ತವೆ. ನಮ್ಮಲ್ಲಿ ಎಷ್ಟೋ ತೋಟದ ಮನೆಗಳಲ್ಲಿ ದಿನದ ಮಳೆಯನ್ನು ಇಂಚು, ಸೆಂಟು ಲೆಕ್ಕದಲ್ಲಿ ಡೈರಿಯಲ್ಲಿ ಬರೆದಿಡುತ್ತಾರೆ. ಅದೂ ಮೂಲ ಆಕರವೇ. ಅಜ್ಜನ ಕಾಲದ ಡೈರಿ ಅಟ್ಟದ ಮೇಲೆ ಇದ್ದರೆ ಗೆದ್ದಲು ಹಿಡಿಯುವ ಮೊದಲು ಇಳಿಸಿ.

ಆ ಹಣ್ಣನ್ನು ಸಂಸ್ಕರಿಸಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) ಮಾಡಿದ ಹಾಗಿರುವುದು ಎರಡನೇ ಹಂತದ ಆಕರ. ಮೂಲ ವಿಷಯಗಳನ್ನು ಜೋಡಿಸಿ, ತೂಗಿ, ಹೀಗೆ ಅಂತ ವಾದ ಮಾಡುವ ಪುಸ್ತಕ, ಸಂಶೋಧನಾ ಲೇಖನ ಇಲ್ಲಿ ಬರುತ್ತವೆ. ಇನ್ನು ಮೂರನೆಯದು ಪುಡಿ: ವಿಶ್ವಕೋಶ, ಗೈಡ್ ಪುಸ್ತಕ, ವಿಕಿಪೀಡಿಯ. ರೆಡಿ ಇರುತ್ತದೆ, ಆದರೆ ಚಿಕೋರಿ ಎಷ್ಟು ಸೇರಿದೆ ಅಂತ ಬಾಯಿಗೆ ಹಾಕಿದರೆ ಗೊತ್ತಾಗಲ್ಲ.

ವಿಕಿಪೀಡಿಯ ನೋಡಲೇಬಾರದು ಅಂತ ನಾನು ಹೇಳುವುದಿಲ್ಲ. ಅದು ಬಸ್‌ಸ್ಟ್ಯಾಂಡಿನ ವಿಚಾರಣೆ ಕೌಂಟರ್ ಇದ್ದ ಹಾಗೆ. ಯಾವ ಬಸ್ ಎಲ್ಲಿ ನಿಲ್ಲುತ್ತದೆ ಅಂತ ಕೇಳಿ, ಆಮೇಲೆ ಬಸ್ ಹತ್ತಿ. ಲೇಖನದ ಕೆಳಗೆ ಇರುವ ಉಲ್ಲೇಖಗಳೇ ಬಸ್ಸು.

ಒಂದೇ ಪುಸ್ತಕ ಒಬ್ಬರಿಗೆ ಮೂಲವಾಗಿ, ಇನ್ನೊಬ್ಬರಿಗೆ ಎರಡನೇ ಹಂತದ್ದಾಗುವುದೂ ಉಂಟು. ನಡಿಕೇರಿಯಂಡ ಚಿಣ್ಣಪ್ಪ ಅವರು ಕೊಡವ ಜನಪದ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಹಾಡುಗಳ ಮೇಲೆ ಕೆಲಸ ಮಾಡುವವರಿಗೆ ಮೂಲ ಆಕರ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ 1952ರಲ್ಲಿ ತಂದ ಪುಸ್ತಕ ಕೊಡವ ಸಮಾಜದ ಬಗ್ಗೆ ಬರೆಯುವವರಿಗೆ ಎರಡನೇ ಹಂತದ್ದು. ಶ್ರೀನಿವಾಸ್ ಅವರ ವಿಚಾರ ಹೇಗೆ ಬೆಳೆಯಿತು ಅಂತ ಬರೆಯುವವರಿಗೆ ಅದೇ ಮೂಲ. ನೀವು ಕೇಳುತ್ತಿರುವ ಪ್ರಶ್ನೆ ಯಾವುದು ಅನ್ನುವುದರ ಮೇಲೆ ಹೋಗುತ್ತದೆ.

ಬೆನ್ನಿನ ಮೇಲಿನ ನಂಬರು

ಲೈಬ್ರರಿ ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ 633.73 ಅಂತೇನೋ ಇರುತ್ತದಲ್ಲ, ಅದನ್ನು ಜಾಸ್ತಿ ಜನ ಓದುವುದೇ ಇಲ್ಲ. ನಮ್ಮ ಬಹಳಷ್ಟು ಕಾಲೇಜುಗಳು ಅನುಸರಿಸುವುದು ಮೆಲ್ವಿಲ್ ಡ್ಯೂಯಿ ಎಂಬ ಅಮೆರಿಕದ ಗ್ರಂಥಪಾಲಕ 1876ರಲ್ಲಿ ಪ್ರಕಟಿಸಿದ ದಶಾಂಶ ಪದ್ಧತಿ. ಲೋಕದ ವಿಷಯವನ್ನೆಲ್ಲ ಹತ್ತು ಭಾಗ ಮಾಡಿ, ಒಂದೊಂದನ್ನೂ ಮತ್ತೆ ಹತ್ತು ಹತ್ತು ಮಾಡುತ್ತಾ ಹೋಗುವುದು. 600 ತಂತ್ರಜ್ಞಾನ. ಅದರೊಳಗೆ 630 ಕೃಷಿ. 633 ಹೊಲ-ತೋಟದ ಬೆಳೆ. 633.72 ಚಹಾ, 633.73 ಕಾಫಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಅಂತ ಇಳಿದ ಹಾಗೆ.

ಮಜಾ ಇರುವುದು ಮುಂದೆ. ಆ ಹುಡುಗಿ 633.73ರ ಕಪಾಟು ನೋಡಿ ಮೂರು ಪುಸ್ತಕ ಸಿಕ್ಕಿತು, ಮುಗೀತು ಅಂದುಕೊಂಡಿದ್ದಳು. ಕಾಫಿ ಒಂದೇ ಕಡೆ ಕೂತಿರುವುದಿಲ್ಲ. ಗಿಡ ಬೆಳೆಸುವುದು 633.73ರಲ್ಲಿ. ಹುರಿದು ಪುಡಿ ಮಾಡಿ ಪಾನೀಯ ಮಾಡುವ ತಂತ್ರ 663.93ರಲ್ಲಿ. ದರ, ಮಾರುಕಟ್ಟೆ, ಬೆಳೆಗಾರರ ಆರ್ಥಿಕತೆ ಅಂದರೆ 338ರ ಸಾಲಿಗೆ, ಅರ್ಥಶಾಸ್ತ್ರದ ಕಪಾಟಿಗೆ ಹೋಗಬೇಕು. ಕೊಡಗಿಗೆ ಕಾಫಿ ಬಂದ ಇತಿಹಾಸ 954ರ ಕಡೆ, ಕರ್ನಾಟಕ ಚರಿತ್ರೆಯ ಪುಸ್ತಕಗಳ ಒಳಗೆ ಅಡಗಿರಬಹುದು. ಅವಳಿಗೆ ಬೇಕಾದ ಪುಸ್ತಕ ಮೂರು ಕಪಾಟು ಆಚೆ ಇತ್ತು.

ಕಂಪ್ಯೂಟರಿನಲ್ಲಿ ಕ್ಯಾಟಲಾಗ್ ಇದ್ದರೆ ಮೊದಲು ಅದರಲ್ಲಿ ಹುಡುಕಿ, ನಂಬರ್ ಬರೆದುಕೊಂಡು ಕಪಾಟಿಗೆ ಹೋಗಿ. ಬೇಕಾದ ಪುಸ್ತಕ ಸಿಕ್ಕಿದ ಮೇಲೆ ಅದರ ಎಡಕ್ಕೂ ಬಲಕ್ಕೂ ಇರುವ ಹತ್ತು ಪುಸ್ತಕ ನೋಡಿ. ಅಕ್ಕಪಕ್ಕದವರು ನೆಂಟರೇ ಆಗಿರುತ್ತಾರೆ. ಮತ್ತೆ ಲೈಬ್ರರಿಯನ್‌ನ ಕೇಳಲು ಸಂಕೋಚ ಬೇಡ. ಗ್ರಂಥಾಲಯ ಶಾಸ್ತ್ರದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಹೇಳಿದರು. ಓದುಗರ ಸಮಯ ಉಳಿಸು ಅನ್ನುವುದು ಅದರಲ್ಲಿ ನಾಲ್ಕನೆಯದು. ನಿಮ್ಮ ಸಮಯ ಉಳಿಸುವುದು ಅವರ ಕೆಲಸವೇ.

ಯಾವ ಪದ ಹಾಕಿ ಹುಡುಕಬೇಕು

‘ಕೊಡಗಿನ ಕಾಫಿ’ ಅಂತ ಹುಡುಕಿದರೆ ಹೋಂಸ್ಟೇ ಬರುತ್ತದೆ, ಕಾಫಿ ಪುಡಿ ಜಾಹೀರಾತು ಬರುತ್ತದೆ. ವಿಷಯವೇ ಅಷ್ಟು ಅಗಲ ಇದ್ದರೆ ಹುಡುಕಾಟವೂ ಹಾಗೇ ಆಗುತ್ತದೆ. “ಕಾಫಿಯಲ್ಲಿ ನಿನಗೆ ಯಾವುದು ಬೇಕು?” ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ನಮ್ಮ ತೋಟದಲ್ಲಿ ಬೋರರ್ ಬಂದು ಅಪ್ಪ ತುಂಬಾ ಗಿಡ ಕಿತ್ತು ಸುಟ್ಟರು ಸಾರ್” ಅಂದಳು. ಅಲ್ಲಿ ಸಿಕ್ಕಿತು ನೋಡಿ ವಿಷಯ: ಸೋಮವಾರಪೇಟೆ ತಾಲ್ಲೂಕಿನ ಸಣ್ಣ ಅರೇಬಿಕಾ ಬೆಳೆಗಾರರು ಬಿಳಿ ಕಾಂಡಕೊರಕವನ್ನು ಹೇಗೆ ನಿಭಾಯಿಸುತ್ತಿದ್ದಾರೆ.

ಈಗ ಪದಗಳು. ಬೆಳೆಗಾರರ ಬಾಯಲ್ಲಿ ಅದು ಬೋರರ್. ಕನ್ನಡ ಕೈಪಿಡಿಯಲ್ಲಿ ಬಿಳಿ ಕಾಂಡಕೊರಕ. ಇಂಗ್ಲಿಷ್ ಲೇಖನದಲ್ಲಿ ವೈಟ್ ಸ್ಟೆಮ್ ಬೋರರ್. ವಿಜ್ಞಾನಿಗಳಿಗೆ ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. ನಾಲ್ಕೂ ಒಂದೇ ಹುಳ. ಆದರೆ ಯಾವ ಹೆಸರು ಹಾಕುತ್ತೀರೋ ಆ ಹೆಸರಿನಲ್ಲಿ ಬರೆದವರ ಬರಹ ಮಾತ್ರ ಸಿಗುತ್ತದೆ. ವೈಜ್ಞಾನಿಕ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ ಕೂಡಲೇ ಜಾಹೀರಾತೆಲ್ಲ ಮಾಯವಾಗಿ ಸಂಶೋಧನಾ ಲೇಖನಗಳು ಮೇಲೆ ಬಂದವು.

ಇತಿಹಾಸದ ವಿಷಯ ಆದರೆ ಊರಿನ ಹೆಸರಿನಲ್ಲೇ ಗುಂಡಿ ಇದೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಕ್ಕೆ ತಗೊಂಡ ಮೇಲಿನ ಇಂಗ್ಲಿಷ್ ದಾಖಲೆಗಳಲ್ಲಿ ನಮ್ಮ ಜಿಲ್ಲೆ ಕೂರ್ಗ್, ಮಡಿಕೇರಿ ಮರ್ಕೆರಾ, ಕುಶಾಲನಗರ ಫ್ರೇಜರ್‌ಪೇಟ್. ಮಡಿಕೇರಿ ಅಂತ ಹುಡುಕಿ ಏನೂ ಇಲ್ಲ ಅಂತ ಕೈಬಿಟ್ಟವರನ್ನು ನೋಡಿದ್ದೇನೆ. ಎಲ್ಲ ಇತ್ತು, ಮರ್ಕೆರಾ ಹೆಸರಿನಲ್ಲಿತ್ತು. 1956ರ ನವೆಂಬರ್ 1ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಹಾಗಾಗಿ ಅದಕ್ಕಿಂತ ಹಿಂದಿನ ಅಂಕಿಅಂಶ ಮೈಸೂರು ರಾಜ್ಯದ ವರದಿಗಳಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇನ್ನೊಂದು ಸಣ್ಣ ಉಪಾಯ. ಎರಡು ಮೂರು ಪದ ಜೊತೆಯಾಗಿಯೇ ಬರಬೇಕು ಅಂದರೆ ಅವನ್ನು ಡಬಲ್ ಕೋಟ್ ಒಳಗೆ ಹಾಕಿ. ಇಲ್ಲದಿದ್ದರೆ ಒಂದು ಪದ ಇಲ್ಲಿ, ಇನ್ನೊಂದು ಅಲ್ಲಿ ಇರುವ ಪುಟವೂ ಬರುತ್ತದೆ.

ಕಪಾಟಿನಲ್ಲಿ ಇಲ್ಲದ್ದು ಎಲ್ಲಿದೆ

ನಮ್ಮ ಕಾಲೇಜು ಲೈಬ್ರರಿಗಳು ದೊಡ್ಡವಲ್ಲ. ಆದರೆ ಕಪಾಟು ಚಿಕ್ಕದು ಅನ್ನುವ ಕಾರಣಕ್ಕೆ ಯಾರೂ ಈಗ ಸೋಲಬೇಕಿಲ್ಲ. ‘ಶೋಧಗಂಗಾ’ ಅನ್ನುವ ವೆಬ್‌ಸೈಟಿನಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ ಪ್ರಬಂಧಗಳಿವೆ, ಲಾಗಿನ್ ಬೇಡ, ದುಡ್ಡು ಬೇಡ. ಅಧ್ಯಾಯಕ್ಕೊಂದು ಫೈಲ್ ಇರುತ್ತದೆ. ನಾನಾದರೆ ಮೊದಲು ತೆರೆಯುವುದು ಕೊನೆಯ ಫೈಲನ್ನೇ, ಅಂದರೆ ಆಕರ ಸೂಚಿಯನ್ನು. ಒಬ್ಬರು ವರ್ಷಗಟ್ಟಲೆ ಹುಡುಕಿ ಮಾಡಿದ ಪಟ್ಟಿ ಪುಕ್ಕಟೆ ಸಿಗುತ್ತಿದೆ, ಯಾಕೆ ಬಿಡಬೇಕು?

ಐಐಟಿ ಖರಗ್‌ಪುರ ನಡೆಸುವ ನ್ಯಾಷನಲ್ ಡಿಜಿಟಲ್ ಲೈಬ್ರರಿ ಇದೆ. ಕಾಲೇಜುಗಳಿಗೆ ಇ-ಪುಸ್ತಕ, ಇ-ಜರ್ನಲ್ ಒದಗಿಸುವ ‘ಎನ್-ಲಿಸ್ಟ್’ಗೆ ನಿಮ್ಮ ಕಾಲೇಜು ಸದಸ್ಯ ಆಗಿದ್ದರೆ ಲೈಬ್ರರಿಯವರೇ ಲಾಗಿನ್ ಕೊಡುತ್ತಾರೆ. ಸರ್ಕಾರಿ ವಿದ್ಯಾಸಂಸ್ಥೆಗಳಿಗೆ 2025ರ ಜನವರಿ 1ರಿಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಬಂದಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಅದರಲ್ಲಿವೆ. ನಿಮ್ಮ ಕಾಲೇಜಿಗೆ ಇವುಗಳಲ್ಲಿ ಯಾವುದು ಇದೆ ಅಂತ ಕೌಂಟರಿನಲ್ಲಿ ಕೇಳಿ. ಮಳೆ ಹಿಡಿದ ಮೇಲೆ ಹಳ್ಳಿ ಮನೆಯಲ್ಲಿ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ಹಾಗಾಗಿ ಸಿಕ್ಕಿದಾಗಲೇ ಇಳಿಸಿಕೊಂಡು, ಫೈಲಿಗೆ ಲೇಖಕರ ಹೆಸರು, ವರ್ಷ ಕೊಟ್ಟು ಇಡಿ. ‘ಡೌನ್‌ಲೋಡ್ 17’ ಅಂತ ಇಟ್ಟರೆ ತಿಂಗಳಾದ ಮೇಲೆ ನಿಮಗೇ ಗೊತ್ತಾಗಲ್ಲ.

ನಂಬಬಹುದಾ?

ಜರ್ನಲ್ ಲೇಖನಕ್ಕೆ ಬೆಲೆ ಬರುವುದು ಪೀರ್ ರಿವ್ಯೂನಿಂದ. ಅಂದರೆ ಪ್ರಕಟಿಸುವ ಮೊದಲು ಅದೇ ವಿಷಯದ ಬೇರೆ ತಜ್ಞರು ಓದಿ ತಪ್ಪು ಹುಡುಕುತ್ತಾರೆ. ಕಾಫಿ ಕಪ್ ಟೇಸ್ಟಿಂಗ್ ನೋಡಿದ್ದೀರಾ? ಕಪ್ಪಿನ ಮೇಲೆ ಬರೀ ಕೋಡ್ ನಂಬರ್ ಇರುತ್ತದೆ. ಯಾರ ತೋಟದ್ದು ಅಂತ ರುಚಿ ನೋಡುವವರಿಗೆ ಗೊತ್ತಿರುವುದಿಲ್ಲ. ಎಷ್ಟೋ ಜರ್ನಲ್‌ಗಳು ಲೇಖಕರ ಹೆಸರು ಮುಚ್ಚಿ ಕಳಿಸುವುದು ಇದೇ ಕಾರಣಕ್ಕೆ. ದುಡ್ಡು ಕೊಟ್ಟರೆ ಎರಡೇ ದಿನದಲ್ಲಿ ಅಚ್ಚು ಹಾಕುತ್ತೇವೆ ಅನ್ನುವ ಜರ್ನಲ್‌ಗಳೂ ಇವೆ. ಅಲ್ಲಿ ರುಚಿ ನೋಡುವವರೇ ಇಲ್ಲ.

ಇನ್ನು ಚಾಟ್‌ಜಿಪಿಟಿ ತರಹದವು. ಅವು ಇಲ್ಲದ ಲೇಖನಕ್ಕೆ ಹೆಸರು, ಲೇಖಕ, ವರ್ಷ, ಪುಟ ಎಲ್ಲ ಜೋಡಿಸಿ ಅಚ್ಚುಕಟ್ಟಾಗಿ ಕೊಡಬಲ್ಲವು. ನೋಡಿದರೆ ಅನುಮಾನವೇ ಬರಲ್ಲ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಹೀಗೆ ಸಿಕ್ಕಿದ, ಎಲ್ಲೂ ಇಲ್ಲದ ಕೇಸುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಬೇಕಾಯಿತು. ಪರೀಕ್ಷೆ ಸುಲಭ. ಲೇಖನದ ಶೀರ್ಷಿಕೆಯನ್ನು ಡಬಲ್ ಕೋಟ್ ಒಳಗೆ ಹಾಕಿ ಹುಡುಕಿ. ಡಿಒಐ ಸಂಖ್ಯೆ ಕೊಟ್ಟಿದ್ದರೆ ಅದನ್ನೂ ತೆರೆದು ನೋಡಿ. ಡಿಒಐ ಅಂದರೆ 10ರಿಂದ ಶುರುವಾಗುವ, ಲೇಖನದ ಕಾಯಂ ನಂಬರ್. ಸಿಮ್ ಕಂಪನಿ ಬದಲಾಯಿಸಿದರೂ ಮೊಬೈಲ್ ನಂಬರ್ ಅದೇ ಇರುತ್ತದಲ್ವಾ, ಹಾಗೆ ವೆಬ್‌ಸೈಟಿನ ವಿಳಾಸ ಬದಲಾದರೂ ಇದು ಲೇಖನಕ್ಕೇ ಕರೆದುಕೊಂಡು ಹೋಗುತ್ತದೆ. ಹುಡುಗಿಯ ಕರಡಿನಲ್ಲಿ ಚಾಟ್‌ಜಿಪಿಟಿ ಕೊಟ್ಟ ಎರಡು ಲೇಖನಗಳ ಹೆಸರಿದ್ದವು. ಒಂದೂ ಸಿಗಲಿಲ್ಲ.

ಬರೆಯುವ ಕ್ರಮ, ಹೆಸರಿನ ಗೋಜಲು

ಉಲ್ಲೇಖಕ್ಕೆ ಹಲವು ಶೈಲಿಗಳಿವೆ. ಸಮಾಜ ವಿಜ್ಞಾನಗಳಲ್ಲಿ ಹೆಚ್ಚಾಗಿ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ ಶೈಲಿ), ಭಾಷೆ-ಸಾಹಿತ್ಯದಲ್ಲಿ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್‌ನದು). ಯಾವುದು ಅಂತ ಗೈಡ್‌ನ ಕೇಳಿ, ಕೊನೇವರೆಗೂ ಅದನ್ನೇ ಹಿಡಿಯಿರಿ.

ಎಪಿಎಯಲ್ಲಿ ಬರಹದ ನಡುವೆ ಆವರಣದಲ್ಲಿ ಚಿಕ್ಕ ಗುರುತು ಹಾಕಬೇಕು: (ಶ್ರೀನಿವಾಸ್, 1952). ಅವರ ಮಾತನ್ನೇ ಎತ್ತಿ ಬರೆದರೆ ಪುಟದ ಸಂಖ್ಯೆಯೂ ಬೇಕು. ಕೊನೆಯ ಸೂಚಿಯಲ್ಲಿ ಲೇಖಕರ ಹೆಸರು, ವರ್ಷ, ಶೀರ್ಷಿಕೆ, ಪ್ರಕಾಶಕರು, ಈ ಕ್ರಮದಲ್ಲಿ ಪೂರ್ತಿ ವಿಳಾಸ. ಚಿಕ್ಕ ಗುರುತು ಟೋಕನ್, ಸೂಚಿಯಲ್ಲಿರುವುದು ಸಾಮಾನು. ಟೋಕನ್ ಇದ್ದು ಸಾಮಾನು ಇಲ್ಲದಿದ್ದರೂ ಕಷ್ಟ, ಸಾಮಾನಿದ್ದು ಟೋಕನ್ ಇಲ್ಲದಿದ್ದರೂ ಕಷ್ಟ.

ನಮ್ಮವರಿಗೆ ನಿಜವಾಗಿ ತಲೆ ಕೆಡುವುದು ಹೆಸರಿನಲ್ಲಿ. ಈ ಶೈಲಿಗಳನ್ನು ಮಾಡಿದವರ ಊರಲ್ಲಿ ಸ್ವಂತ ಹೆಸರು ಮೊದಲು, ಮನೆತನದ ಹೆಸರು ಆಮೇಲೆ. ಅದಕ್ಕೇ ಸೂಚಿಯಲ್ಲಿ ತಿರುಗಿಸಿ, ಕೊನೆಯದನ್ನು ಮುಂದೆ ತರುತ್ತಾರೆ. ಕೊಡವರಲ್ಲಿ ಮನೆ ಹೆಸರು ಮೊದಲೇ ಇದೆ. ನಡಿಕೇರಿಯಂಡ ಅನ್ನುವುದು ಮನೆತನ, ಚಿಣ್ಣಪ್ಪ ಸ್ವಂತ ಹೆಸರು. ಕೆ. ಎಂ. ಕಾರ್ಯಪ್ಪ ಅನ್ನುವಲ್ಲಿ ‘ಕೆ’ ಅಂದರೆ ಕೊಡಂದೇರ, ಅದೂ ಮನೆ ಹೆಸರೇ. ಎಂ. ಎನ್. ಶ್ರೀನಿವಾಸ್ ಅವರಿಗೆ ಬಂದರೆ ‘ಎಂ’ ಮೈಸೂರು, ಊರಿನ ಹೆಸರು. ಉಲ್ಲೇಖ ಮಾಡಿಕೊಡುವ ಸಾಫ್ಟ್‌ವೇರಿಗೆ ಇದೆಲ್ಲ ಎಲ್ಲಿ ಗೊತ್ತು? ಕೊನೆಯ ಪದ ಹಿಡಿದು ಎಲ್ಲರನ್ನೂ ಒಂದೇ ರೀತಿ ತಿರುಗಿಸುತ್ತದೆ.

ಹಾಗಾಗಿ ಕ್ಯಾಟಲಾಗಿನಲ್ಲಿ ಹುಡುಕುವಾಗ ನಡಿಕೇರಿಯಂಡ ಅಂತಲೂ ಹಾಕಿ, ಚಿಣ್ಣಪ್ಪ ಅಂತಲೂ ಹಾಕಿ. ಸೂಚಿ ಬರೆಯುವಾಗ ಇಂಗ್ಲಿಷಿನಲ್ಲಿ ‘ಶ್ರೀನಿವಾಸ್, ಎಂ. ಎನ್.’ ಅನ್ನುವ ರೂಪ ರೂಢಿಯಲ್ಲಿದೆ. ಕೊಡವ ಹೆಸರಿಗೆ ನನ್ನ ಮನಸ್ಸು ಮನೆ ಹೆಸರನ್ನು ಮುಂದೆಯೇ ಬಿಡುವ ಕಡೆಗೆ. ಗೈಡ್ ಬೇರೆ ಹೇಳಿದರೆ ಹಾಗೆ ಮಾಡಿ, ಆದರೆ ಒಬ್ಬರಿಗೊಂದು ರೀತಿ ಬೇಡ.

ನೀವು ಓದಿದ್ದು ಯಾವ ಮುದ್ರಣವೋ ಅದನ್ನೇ ಹಾಕಿ. ‘ಪಟ್ಟೋಲೆ ಪಳಮೆ’ಗೆ 2003ರಲ್ಲಿ ಇಂಗ್ಲಿಷ್ ಅನುವಾದ ಬಂತು. ಅನುವಾದ ಓದಿ 1924 ಅಂತ ಬರೆದರೆ ಓದುಗರು ಮೂಲ ತೆರೆದು ನೀವು ಕೊಟ್ಟ ಪುಟದಲ್ಲಿ ಬೇರೇನನ್ನೋ ನೋಡುತ್ತಾರೆ. ಬಾಸೆಲ್ ಮಿಷನ್ನಿನ ರಿಕ್ಟರ್ 1870ರಲ್ಲಿ ಕೊಡಗಿನ ಬಗ್ಗೆ ಬರೆದದ್ದನ್ನು ನೀವು ಇನ್ನೊಬ್ಬರ ಪುಸ್ತಕದಲ್ಲಿ ಓದಿದ್ದರೆ, ‘ರಿಕ್ಟರ್ ಹೇಳಿದ್ದನ್ನು ಇಂಥವರು ಉಲ್ಲೇಖಿಸಿದಂತೆ’ ಅಂತಲೇ ಬರೆಯಿರಿ. ಪತ್ರಿಕೆಯ ಸುದ್ದಿಗೆ ದಿನಾಂಕ ಇಲ್ಲದೆ ಬೆಲೆ ಇಲ್ಲ. ವಾಟ್ಸಾಪಿನಲ್ಲಿ ಬಂದ ಕತ್ತರಿಸಿದ ಫೋಟೋ ಆದರೆ ಪತ್ರಿಕೆ ಯಾವುದು, ದಿನ ಯಾವುದು ಅಂತ ಪತ್ತೆ ಮಾಡಿ, ಇಲ್ಲವೇ ಬಿಡಿ.

ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಹಿರಿಯರನ್ನೋ ಬೆಳೆಗಾರರನ್ನೋ ಮಾತಾಡಿಸಿದ್ದರೆ ಎಪಿಎ ಪ್ರಕಾರ ಅದು ಖಾಸಗಿ ಸಂವಹನ. ಬರಹದ ನಡುವೆ ಹೆಸರು, ದಿನಾಂಕ ಹಾಕಿದರೆ ಸಾಕು, ಸೂಚಿಗೆ ಹೋಗುವುದಿಲ್ಲ. ಓದುಗರು ಹೋಗಿ ತೆರೆದು ನೋಡುವಂಥದ್ದು ಅಲ್ಲಿ ಇಲ್ಲವಲ್ಲ. ಹೆಸರು ಹಾಕಬಹುದಾ ಅಂತ ಮೊದಲೇ ಕೇಳಿಕೊಳ್ಳಿ.

ಕದ್ದ ಮಾಲು ಯಾವಾಗ ಆಗುತ್ತದೆ

ಬೇರೆಯವರ ವಾಕ್ಯ ಎತ್ತಿ ಹಾಕಿದರೆ ಕೃತಿಚೌರ್ಯ ಅಂತ ಎಲ್ಲರಿಗೂ ಗೊತ್ತು. ನಾಲ್ಕು ಪದ ಬದಲಾಯಿಸಿದರೂ ಅದೇ. ಪೂರ್ತಿ ನಿಮ್ಮದೇ ಮಾತಿನಲ್ಲಿ ಬರೆದರೂ ವಿಚಾರ ಅವರದಾಗಿದ್ದರೆ ಉಲ್ಲೇಖ ಬೇಕು. ಎಲ್ಲರಿಗೂ ಗೊತ್ತಿರುವುದಕ್ಕೆ ಬೇಡ. ಕಾವೇರಿ ತಲಕಾವೇರಿಯಲ್ಲಿ ಹುಟ್ಟುತ್ತಾಳೆ ಅನ್ನುವುದಕ್ಕೆ ಯಾರೂ ಆಕರ ಕೇಳುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಯಾಕೆ ಜಾರಿದವು ಅಂತ ಕಾರಣ ಹೇಳಿದರೆ ಖಂಡಿತ ಕೇಳುತ್ತಾರೆ.

ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2018ರಲ್ಲಿ ಇದಕ್ಕೆ ನಿಯಮ ಮಾಡಿದೆ. ಸ್ನಾತಕೋತ್ತರ ಮತ್ತು ಪಿಎಚ್.ಡಿ ಪ್ರಬಂಧದಲ್ಲಿ ಬೇರೆ ಬರಹದೊಂದಿಗಿನ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಶೇ. 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ. 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಸರಿಯಾಗಿ ಉಲ್ಲೇಖಿಸಿದ ಭಾಗ ಈ ಲೆಕ್ಕಕ್ಕೆ ಬರುವುದಿಲ್ಲ. ಡಿಗ್ರಿಯ ಪ್ರಾಜೆಕ್ಟ್ ರಿಪೋರ್ಟುಗಳು ಈ ನಿಯಮದ ಹೊರಗಿವೆ. ಗೈಡ್‌ನ ಕೆಂಪು ಪೆನ್ನಿನ ಹೊರಗೆ ಇಲ್ಲ.

ಪುಸ್ತಕ ವಾಪಸ್ ಕೊಡುವ ಮೊದಲು

ಒಂದು ಅಭ್ಯಾಸ ಮಾಡಿಕೊಳ್ಳಿ. ಪುಸ್ತಕದಿಂದ ಏನಾದರೂ ಬರೆದುಕೊಂಡರೆ ಮೊಬೈಲಿನಲ್ಲಿ ಮೂರು ಫೋಟೋ ತೆಗೆಯಿರಿ: ಶೀರ್ಷಿಕೆ ಪುಟ, ಅದರ ಹಿಂಬದಿ, ನೀವು ಬಳಸಿದ ಪುಟ. ಮುದ್ರಣದ ವರ್ಷ, ಪ್ರಕಾಶಕರು ಎಲ್ಲ ಆ ಹಿಂಬದಿಯಲ್ಲಿ ಇರುತ್ತದೆ. ಬಳಸಿದ ಪುಟದ ಫೋಟೋದಲ್ಲಿ ಪುಟದ ನಂಬರ್ ಬಂದಿದೆಯಾ ಅಂತ ನೋಡಿಕೊಳ್ಳಿ.

ಮೂರು ವಾರದ ನಂತರ ಆ ಹುಡುಗಿ ಹೊಸ ಕರಡು ತಂದಳು. ಕೊನೇ ಪುಟದಲ್ಲಿ ಗೂಗಲ್ ಇರಲಿಲ್ಲ. ಪುಸ್ತಕ, ಪ್ರಬಂಧ, ಲೇಖನ ಸೇರಿ ಹನ್ನೊಂದು ಆಕರ ಇದ್ದವು. ಬರಹದ ನಡುವೆ ಅಪ್ಪನ ಹೆಸರೂ ಇತ್ತು, ಯಾವ ವರ್ಷ ಎಷ್ಟು ಗಿಡ ಕಿತ್ತರು ಅಂತ ಅವರ ಲೆಕ್ಕದ ಪುಸ್ತಕದಿಂದ ಎತ್ತಿದ ಅಂಕಿಯೂ ಇತ್ತು. ಎಲ್ಲ ಸರಿ. 338ರ ಕಪಾಟಿನ ಪುಸ್ತಕದಿಂದ ಎತ್ತಿದ ಒಂದು ವಾಕ್ಯಕ್ಕೆ ಮಾತ್ರ ಪುಟದ ನಂಬರ್ ಇರಲಿಲ್ಲ, ಫೋಟೋದಲ್ಲಿ ಆ ಮೂಲೆ ಕತ್ತರಿಸಿ ಹೋಗಿತ್ತು. ಪುಸ್ತಕ ಬೇರೆಯವರಿಗೆ ಇಶ್ಯೂ ಆಗಿತ್ತು. ಅದು ವಾಪಸ್ ಬಂದ ದಿನ ಫೋನ್ ಮಾಡಿ ಹೇಳಿದೆ. ಆ ಒಂದು ನಂಬರಿಗಾಗಿ ಮಳೆಯಲ್ಲಿ ಸೋಮವಾರಪೇಟೆಯಿಂದ ಬಸ್ ಹತ್ತಿ ಬಂದಳು.